ಹಿಂದೆ ಯಾರಿದ್ದಾರೆ? ಪರದೆ ಹೇಳುತ್ತಿಲ್ಲ!

ಅಮೆರಿಕದಲ್ಲಿ ಕಾರು ಇಟ್ಟುಕೊಂಡವರ ಮನೆಗೆ ಒಮ್ಮೊಮ್ಮೆ ಅಂಚೆಯಲ್ಲೊಂದು ಲಕೋಟೆ ಬರುತ್ತದೆ. ಅದು ಬ್ಯಾಂಕಿನದಲ್ಲ, ವಿಮೆಯವರದೂ ಅಲ್ಲ. ‘ಸುರಕ್ಷತೆಗೆ ಸಂಬಂಧಿಸಿದ ಮುಖ್ಯ ರೀಕಾಲ್ ಮಾಹಿತಿ’ ಎಂದು ಅದರ ಮೇಲೆ ಎದ್ದು ಕಾಣುವಂತೆ ಅಚ್ಚಾಗಿರುತ್ತದೆ. ಒಳಗಿನ ಕಾಗದದ ಸಾರಾಂಶ ಇಷ್ಟೇ: ‘ನಿಮಗೆ ಮಾರಿದ ಕಾರಿನಲ್ಲಿ ಒಂದು ದೋಷ ಉಳಿದುಬಿಟ್ಟಿದೆ. ದಯವಿಟ್ಟು ಗಾಡಿಯನ್ನು ತನ್ನಿ, ಪುಕ್ಕಟೆ ಸರಿಮಾಡಿ ಕೊಡುತ್ತೇವೆ.’

2023ರ ಜೂನ್‌ನಲ್ಲಿ ಹೋಂಡಾ ಕಂಪನಿ ಅಮೆರಿಕದಲ್ಲಿ ಹೀಗೆ ವಾಪಸ್ ಕರೆದ ವಾಹನಗಳ ಸಂಖ್ಯೆ ಸುಮಾರು 12 ಲಕ್ಷ. ಒಡಿಸ್ಸಿ, ಪೈಲಟ್, ಪಾಸ್‌ಪೋರ್ಟ್ ಎಂಬ ಮೂರು ಮಾದರಿಯ ದೊಡ್ಡ ಗಾಡಿಗಳು ಅವು. ಬ್ರೇಕ್ ಹಿಡಿಯುತ್ತಿರಲಿಲ್ಲವೆ? ಹಿಡಿಯುತ್ತಿತ್ತು. ಸ್ಟೀರಿಂಗ್ ಕಳಚಿ ಬರುತ್ತಿತ್ತೆ? ಅದೂ ಇಲ್ಲ. ಎಂಜಿನ್ನಿಗೆ ಬೆಂಕಿ ಹತ್ತಿದ ಸುದ್ದಿಯೂ ಇರಲಿಲ್ಲ. ರಿವರ್ಸ್ ಗೇರ್ ಹಾಕಿದಾಗ ಡ್ಯಾಶ್‌ಬೋರ್ಡಿನ ಪುಟ್ಟ ಪರದೆಯ ಮೇಲೆ ಕಾರಿನ ಹಿಂಭಾಗದ ಚಿತ್ರ ಮೂಡಬೇಕಿತ್ತು. ಕೆಲವು ಕಾರುಗಳಲ್ಲಿ ಮೂಡುತ್ತಿರಲಿಲ್ಲ. ಇಷ್ಟೇ ದೋಷ!

ಇದರಿಂದ ಯಾರಿಗೂ ಗಾಯವಾದ ವರದಿ ಅದುವರೆಗೆ ಬಂದಿರಲಿಲ್ಲ. ಕಂಪನಿಗೆ ಬಂದಿದ್ದು ಬರೀ ವಾರಂಟಿ ದೂರುಗಳು. ಅವೇನು ಹತ್ತಿಪ್ಪತ್ತಲ್ಲ, ಎರಡೂವರೆ ಲಕ್ಷಕ್ಕೂ ಹೆಚ್ಚು.

‘ಕಾರಿನೊಳಗಿನ ಟೀವಿ ಕಪ್ಪಾದರೆ ಇಷ್ಟೊಂದು ಗಲಾಟೆಯೆ?’ ಎಂದು ಯಾರಿಗಾದರೂ ಅನ್ನಿಸೀತು. ಅದೇ ಪರದೆಯಲ್ಲಿ ಹಾಡು ಬರದಿದ್ದರೆ, ನಕ್ಷೆ ತೋರದಿದ್ದರೆ ರೀಕಾಲ್ ಇಲ್ಲ. ಹಿಂದಿನ ಚಿತ್ರ ಬರದಿದ್ದರೆ ಮಾತ್ರ ಕಂಪನಿ ಕಾನೂನಿನ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಈ ವ್ಯತ್ಯಾಸದ ಹಿಂದೆ ಎರಡು ವರ್ಷದ ಒಂದು ಮಗು ಇದೆ.

ಅದರ ಹೆಸರು ಕ್ಯಾಮರಾನ್ ಗಲ್‌ಬ್ರಾನ್ಸನ್. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಮನೆ. 2002ರ ಅಕ್ಟೋಬರ್‌ನ ಒಂದು ರಾತ್ರಿ ಅಪ್ಪ ತನ್ನ ದೊಡ್ಡ ಕಾರನ್ನು ಮನೆಯ ಅಂಗಳದೊಳಕ್ಕೆ ಹಿಮ್ಮುಖವಾಗಿ ತರುತ್ತಿದ್ದ. ಕನ್ನಡಿ ನೋಡಿದ್ದ, ಹೊರಳಿಯೂ ನೋಡಿದ್ದ. ಮಗು ಮನೆಯೊಳಗಿದೆ ಎಂದೇ ತಿಳಿದಿದ್ದ. ಆದರೆ ಅದು ಯಾರ ಕಣ್ಣಿಗೂ ಬೀಳದೆ ಹೊರಗೆ ಬಂದುಬಿಟ್ಟಿತ್ತು. ಅಪ್ಪ ಸ್ವತಃ ಮಕ್ಕಳ ಡಾಕ್ಟರು. ಆದರೂ ಉಳಿಸಲಾಗಲಿಲ್ಲ.

ಕುಡಿದು ಓಡಿಸಿದವನ ಕತೆ ಇದಲ್ಲ, ವೇಗದ ಹುಚ್ಚಿನವನದೂ ಅಲ್ಲ. ಸ್ವಂತ ಅಂಗಳದಲ್ಲಿ, ನಡಿಗೆಯ ವೇಗದಲ್ಲಿ, ಎಚ್ಚರವಾಗಿದ್ದ ಅಪ್ಪನ ಕೈಯಲ್ಲೇ ಆದದ್ದು. ಇಂಥ ಅಪಘಾತಗಳ ಲಕ್ಷಣವೇ ಹೀಗೆ. ಮಕ್ಕಳು ಸಿಕ್ಕಿಕೊಂಡ ಬಹುಪಾಲು ಸಂದರ್ಭಗಳಲ್ಲಿ ಸ್ಟೀರಿಂಗ್ ಹಿಡಿದವರು ಅಪ್ಪನೋ ಅಮ್ಮನೋ ಅಜ್ಜನೋ ಆಗಿರುತ್ತಾರೆ. ಯಾಕೆಂದರೆ ಹೊರಡುವ ಕಾರಿನ ಹಿಂದೆ ಓಡಿ ಬರುವುದು ಮನೆಯ ಮಕ್ಕಳೇ ತಾನೆ!

ಅಮೆರಿಕದಲ್ಲಿ ವಾಹನ ಸುರಕ್ಷತೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯನ್ನು ಚಿಕ್ಕದಾಗಿ ಎನ್‌ಎಚ್‌ಟಿಎಸ್‌ಎ ಎನ್ನುತ್ತಾರೆ. ಅದು ಹಾಕಿದ ಅಂದಾಜಿನ ಪ್ರಕಾರ ಹಿಮ್ಮುಖವಾಗಿ ಚಲಿಸುವ ವಾಹನಗಳಿಗೆ ಸಿಕ್ಕಿ ಆ ದೇಶದಲ್ಲಿ ವರ್ಷಕ್ಕೆ ಸುಮಾರು 210 ಮಂದಿ ಸಾಯುತ್ತಿದ್ದರು, 15 ಸಾವಿರ ಮಂದಿ ಗಾಯಗೊಳ್ಳುತ್ತಿದ್ದರು. ಸತ್ತವರಲ್ಲಿ ಶೇ 31ರಷ್ಟು ಐದು ವರ್ಷದೊಳಗಿನ ಮಕ್ಕಳು. ಇನ್ನು ಶೇ 26ರಷ್ಟು 70 ದಾಟಿದ ಹಿರಿಯರು. ಅಂದರೆ ಸಂಸಾರದ ಎರಡು ತುದಿಯವರು. ಒಬ್ಬರಿಗೆ ಕಾರು ಬರುತ್ತಿದೆ ಎಂಬ ಅರಿವಿಲ್ಲ, ಇನ್ನೊಬ್ಬರಿಗೆ ಅರಿವಾದರೂ ಬೇಗ ಸರಿಯಲು ಕಾಲಿಗೆ ತ್ರಾಣವಿಲ್ಲ.

ಕ್ಯಾಮರಾನನ ತಂದೆ ಮತ್ತು ಇಂಥದೇ ದುಃಖ ಕಂಡ ಇತರ ಕುಟುಂಬಗಳು ಸುಮ್ಮನೆ ಕೂರಲಿಲ್ಲ. ಅವರ ಓಡಾಟದ ಫಲವಾಗಿ ಆ ಮಗುವಿನ ಹೆಸರಿನಲ್ಲೇ ಒಂದು ಕಾಯ್ದೆ ಬಂತು. 2008ರ ಫೆಬ್ರುವರಿ 28ರಂದು ಅಧ್ಯಕ್ಷ ಜಾರ್ಜ್ ಬುಷ್ ಅದಕ್ಕೆ ಸಹಿ ಹಾಕಿದರು. ಚಾಲಕನಿಗೆ ಹಿಂದಿನ ನೋಟ ಕಾಣುವಂತೆ ಮೂರು ವರ್ಷದೊಳಗೆ ನಿಯಮ ರೂಪಿಸಬೇಕು ಎಂದು ಕಾಯ್ದೆ ಹೇಳಿತು. 2011 ಬಂತು, ಹೋಯಿತು. ಗಡುವು ಮುಂದಕ್ಕೆ, ಮತ್ತೆ ಮುಂದಕ್ಕೆ. ಸರ್ಕಾರಿ ಕಡತಗಳು ಎಲ್ಲ ದೇಶಗಳಲ್ಲೂ ಒಂದೇ ವೇಗದಲ್ಲಿ ಚಲಿಸುತ್ತವೆಂದು ಕಾಣುತ್ತದೆ! ಬೇಸತ್ತ ಕುಟುಂಬಗಳೂ ಗ್ರಾಹಕ ಸಂಘಟನೆಗಳೂ 2013ರಲ್ಲಿ ಸರ್ಕಾರವನ್ನೇ ಕೋರ್ಟಿಗೆಳೆದವು. ವಾದ ನಡೆಯಬೇಕಿದ್ದ ದಿನದ ಹಿಂದಿನ ದಿನ, 2014ರ ಮಾರ್ಚ್ 31ರಂದು, ನಿಯಮ ದಿಢೀರನೆ ಹೊರಬಿತ್ತು. 2018ರ ಮೇ 1ರಿಂದ ತಯಾರಾಗುವ ಪ್ರತಿಯೊಂದು ಕಾರು, ವ್ಯಾನು, ಪಿಕಪ್‌ನಲ್ಲೂ ಹಿನ್ನೋಟದ ವ್ಯವಸ್ಥೆ ಕಡ್ಡಾಯವಾಯಿತು. ಮಗು ತೀರಿಕೊಂಡು ಅಷ್ಟರಲ್ಲಿ ಹದಿನೈದು ವರ್ಷ ದಾಟಿತ್ತು.

ಇಷ್ಟು ತಡವಾಗಲು ಖರ್ಚಿನ ಲೆಕ್ಕಾಚಾರವೂ ಒಂದು ಕಾರಣ. ಪರದೆ ಮೊದಲೇ ಇರುವ ಕಾರಿಗೆ ಕ್ಯಾಮೆರಾ ಸೇರಿಸಲು 43ರಿಂದ 45 ಡಾಲರ್, ಪರದೆಯೂ ಬೇಕೆಂದರೆ 132ರಿಂದ 142 ಡಾಲರ್ ಎಂದು ಸರ್ಕಾರವೇ ಅಂದಾಜು ಮಾಡಿತ್ತು. ಒಂದು ಕಾರಿಗೆ ಇದೇನು ದೊಡ್ಡ ಮೊತ್ತವಲ್ಲ. ಆದರೆ ವರ್ಷಕ್ಕೆ ಮಾರಾಟವಾಗುವ ಲಕ್ಷಾಂತರ ಕಾರುಗಳಿಂದ ಗುಣಿಸಿದಾಗ ಕಂಪನಿಗಳ ಹುಬ್ಬು ಮೇಲೇರಿತ್ತು.

ಹಾಗಾದರೆ ಕನ್ನಡಿ ಇದ್ದರೂ ಮಗು ಯಾಕೆ ಕಾಣುವುದಿಲ್ಲ? ಇದಕ್ಕೆ ಹತ್ತನೆಯ ತರಗತಿಯ ಸಮರೂಪ ತ್ರಿಭುಜದ ಪಾಠ ಸಾಕು. ನೋಟ್‌ಬುಕ್ಕಿನಲ್ಲಿ ಒಂದು ಚಿತ್ರ ಬರೆದುಕೊಳ್ಳಿ. ಎತ್ತರದ ಕಾರೊಂದರಲ್ಲಿ ಚಾಲಕನ ಕಣ್ಣು ನೆಲದಿಂದ ಒಂದೂವರೆ ಮೀಟರ್ ಮೇಲಿದೆ ಎನ್ನಿ. ಹಿಂದಿನ ಗಾಜಿನ ಕೆಳ ಅಂಚು 1.2 ಮೀಟರ್ ಎತ್ತರದಲ್ಲಿದೆ. ಕಣ್ಣಿಗೂ ಆ ಅಂಚಿಗೂ ನಡುವೆ ಎರಡೂವರೆ ಮೀಟರ್ ಅಂತರ. ಚಾಲಕ ಹೊರಳಿ ನೋಡಿದಾಗ ಅವನ ದೃಷ್ಟಿರೇಖೆ ಎರಡೂವರೆ ಮೀಟರಿಗೆ 30 ಸೆಂಟಿಮೀಟರ್ ಇಳಿಯುತ್ತದೆ, ಅಂದರೆ ಮೀಟರಿಗೆ 12 ಸೆಂಟಿಮೀಟರ್. ಗಾಜಿನ ಅಂಚು ದಾಟಿದ ಮೇಲೂ ಅದೇ ಇಳಿಜಾರು. ನೆಲ ಮುಟ್ಟಬೇಕಾದರೆ ಅದು ಇನ್ನೂ 120 ಸೆಂಟಿಮೀಟರ್ ಇಳಿಯಬೇಕು. ಹನ್ನೆರಡರಿಂದ ಭಾಗಿಸಿ: ಹತ್ತು ಮೀಟರ್! ಕಾರಿನ ಹಿಂದಿನ ಹತ್ತು ಮೀಟರ್ ನೆಲ ಅವನ ಪಾಲಿಗೆ ಇಲ್ಲವೇ ಇಲ್ಲ.

ಇನ್ನು 80 ಸೆಂಟಿಮೀಟರ್ ಎತ್ತರದ, ಒಂದೂವರೆ ವರ್ಷದ ಮಗು. ರೇಖೆ 40 ಸೆಂಟಿಮೀಟರ್ ಇಳಿದಾಗ ಮಗುವಿನ ನೆತ್ತಿ ಸಿಗುತ್ತದೆ. 40ನ್ನು 12ರಿಂದ ಭಾಗಿಸಿದರೆ ಮೂರೂಕಾಲು ಮೀಟರಿಗೆ ತುಸು ಹೆಚ್ಚು, ಸುಮಾರು 11 ಅಡಿ. ಅದಕ್ಕಿಂತ ಹತ್ತಿರ ನಿಂತರೆ ತಲೆಯೂ ಕಾಣದು. ಅದೇ ಮಗು ನೆಲದಲ್ಲಿ ಕೂತು ಮಣ್ಣಾಡುತ್ತಿದ್ದರೆ, ಎತ್ತರ ಅರ್ಧ ಮೀಟರ್ ಎಂದುಕೊಳ್ಳಿ, ಸುಮಾರು ಆರು ಮೀಟರ್ ದೂರದವರೆಗೂ ಅದು ಅದೃಶ್ಯ. ಗಂಟೆಗೆ 5 ಕಿಲೋಮೀಟರಿನ ನಡಿಗೆಯ ವೇಗದಲ್ಲೂ ಕಾರು ಆ 11 ಅಡಿಯನ್ನು ಎರಡೂವರೆ ಸೆಕೆಂಡಿನೊಳಗೆ ದಾಟಿಬಿಡುತ್ತದೆ.

ಲೆಕ್ಕದ ಮೇಲೆ ನಂಬಿಕೆ ಇಲ್ಲದವರು ಮನೆಯ ಕಾರಿನಲ್ಲೇ ಪರೀಕ್ಷಿಸಬಹುದು. ಎಂಜಿನ್ ಬಂದ್ ಇರಲಿ, ಕೀಲಿ ಕಾರಿನಿಂದ ಹೊರಗಿರಲಿ. ಅಪ್ಪನೋ ಅಮ್ಮನೋ ಚಾಲಕನ ಜಾಗದಲ್ಲಿ ಕೂರಲಿ. ಹಿಂದೆ ಮಗುವನ್ನು ನಿಲ್ಲಿಸುವುದು ಬೇಡ, ಎರಡು ಬಕೆಟ್‌ಗಳನ್ನು ಒಂದರ ಮೇಲೊಂದು ಬೋರಲು ಹಾಕಿದರೆ ಸಾಕು. ಬಕೆಟ್ಟುಗಳನ್ನು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಸರಿಸುತ್ತ, ‘ಕಂಡಿತು’ ಎಂಬ ಕೂಗು ಬಂದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಹಿಂದಿನ ಸೀಟಿನ ತಲೆದಿಂಬುಗಳನ್ನೂ ಮೇಲಕ್ಕೆತ್ತಿ ಇನ್ನೊಮ್ಮೆ ನೋಡಿ. ಗೆರೆ ಎಲ್ಲಿ ಬಿತ್ತೆಂದು ಕಂಡ ಮೇಲೆ ಮನೆಯಲ್ಲಿ ಸ್ವಲ್ಪ ಹೊತ್ತು ಮೌನ ಆವರಿಸಿದರೆ ಆಶ್ಚರ್ಯವಿಲ್ಲ.

ಅಮೆರಿಕದ ನಿಯಮದ ಪರೀಕ್ಷೆಯೂ ಹೆಚ್ಚುಕಡಿಮೆ ಬಕೆಟ್ಟಿನ ಪರೀಕ್ಷೆಯೇ. ಕಾರಿನ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಒಂದು ಆಯತ. ಅದರೊಳಗೆ ಏಳು ಸಿಲಿಂಡರುಗಳು. ಒಂದೊಂದರ ಎತ್ತರ 32 ಅಂಗುಲ, ಅಡ್ಡಳತೆ 12 ಅಂಗುಲ. ಅಂಗಡಿಯಲ್ಲಿ ಸಿಗುವ ಯಾವ ಡಬ್ಬಕ್ಕೂ ಈ ಅಳತೆಯಿಲ್ಲ, ಅದು ಒಂದೂವರೆ ವರ್ಷದ ಮಗುವಿನ ಎತ್ತರ. ಏಳೂ ಪರದೆಯ ಮೇಲೆ ಕಾಣಬೇಕು. ಜೊತೆಗೆ, ಹಿಮ್ಮುಖ ಚಲನೆ ಶುರುವಾದ ಎರಡು ಸೆಕೆಂಡಿನೊಳಗೆ ಚಿತ್ರ ಬಂದಿರಬೇಕು. ಮೇಲಿನ ಲೆಕ್ಕ ಮಾಡಿದವರಿಗೆ ಈ ಎರಡು ಸೆಕೆಂಡಿನ ಬೆಲೆ ಗೊತ್ತಾದೀತು.

ಕಾರಿಗೆ ಹಿಂದೊಂದು ಕಣ್ಣು ಬೇಕೆಂಬ ಯೋಚನೆ ಹೊಸದೇನಲ್ಲ. 1956ರಲ್ಲೇ ಬ್ಯೂಕ್ ಕಂಪನಿ ‘ಸೆಂಚೂರಿಯನ್’ ಎಂಬ ಪ್ರದರ್ಶನದ ಕಾರಿಗೆ ಕನ್ನಡಿ ತೆಗೆದು ಬಾಲದಲ್ಲಿ ಟೀವಿ ಕ್ಯಾಮೆರಾ, ಮುಂದೆ ಪುಟ್ಟ ಟೀವಿ ಇಟ್ಟಿತ್ತು. ಜನ ಬಾಯಿ ಬಿಟ್ಟು ನೋಡಿದರು, ಮನೆಗೆ ಹೋದರು. ಆ ಕಾಲದ ಟೀವಿ ಕ್ಯಾಮೆರಾ ಎಲ್ಲರ ಕೈಗೆ ಎಟಕುವಂಥದ್ದಾಗಿರಲಿಲ್ಲ. ಬೆಳಕನ್ನು ವಿದ್ಯುತ್ತಾಗಿಸುವ ಸಿಲಿಕಾನ್ ಬಿಲ್ಲೆ ಉಗುರಿನಷ್ಟಾದ ಮೇಲೆ ಮಾತ್ರ ಅದು ನಂಬರ್ ಪ್ಲೇಟಿನ ಮೇಲೆ ಕೂರುವಂತಾಯಿತು.

ಈ ಕ್ಯಾಮೆರಾದಲ್ಲಿ ಒಂದು ತಮಾಷೆ ಇದೆ. ಅದು ತೋರಿಸುವುದು ನಿಜವಾದ ಚಿತ್ರವಲ್ಲ, ಎಡಬಲ ಅದಲುಬದಲು ಮಾಡಿದ ಚಿತ್ರ! ಯಾಕೆ? ಕಾರಿನಲ್ಲಿ ಕೂತವರು ಮುಂದೆ ನೋಡುತ್ತಾರೆ, ಕ್ಯಾಮೆರಾ ಹಿಂದೆ ನೋಡುತ್ತದೆ. ನೀವು ಎದ್ದು ನಿಂತು ಹಿಂದಕ್ಕೆ ತಿರುಗಿ ನೋಡಿ: ಮೊದಲು ಎಡಗೈ ಕಡೆ ಇದ್ದ ಕಿಟಕಿ ಈಗ ಬಲಗೈ ಕಡೆ ಬಂತಲ್ಲವೆ? ಕ್ಯಾಮೆರಾ ಕಂಡದ್ದನ್ನು ಕಂಡಂತೆಯೇ ತೋರಿಸಿದರೆ ಕಾರಿನ ಎಡಕ್ಕಿರುವ ಮಗು ಪರದೆಯ ಬಲಕ್ಕೆ ಕಾಣುತ್ತದೆ. ಚಾಲಕ ಅದನ್ನು ತಪ್ಪಿಸಲೆಂದು ಎಡಕ್ಕೇ ತಿರುಗಿಸಿಯಾನು. ಆದ್ದರಿಂದ ಕನ್ನಡಿಯಲ್ಲಿ ಕಾಣುವ ಹಾಗೆ ಚಿತ್ರವನ್ನು ಮಗುಚಿಯೇ ಪರದೆಗೆ ಕಳಿಸುತ್ತಾರೆ. ಈ ಮಗುಚುವ ಕೆಲಸ ಎಡವಟ್ಟಾದರೆ? 2025ರಲ್ಲಿ ಫೋರ್ಡ್ ಕಂಪನಿ ಜಗತ್ತಿನಾದ್ಯಂತ ಸುಮಾರು 19 ಲಕ್ಷ ವಾಹನಗಳನ್ನು ವಾಪಸ್ ಕರೆದಾಗ ಪಟ್ಟಿಯಲ್ಲಿದ್ದ ದೋಷಗಳು ಮೂರು. ಪರದೆ ಕಪ್ಪಾಗುವುದು, ಚಿತ್ರ ಕಲಸಿಹೋಗುವುದು, ಚಿತ್ರ ತಿರುಗುಮುರುಗಾಗುವುದು.

ಕ್ಯಾಮೆರಾದಿಂದ ಪರದೆಯವರೆಗಿನ ದಾರಿ ಹತ್ತು ಹದಿನೈದು ಅಡಿಯದು. ಆದರೆ ಆ ದಾರಿಯಲ್ಲಿ ಎಷ್ಟೊಂದು ಕೀಲುಗಳು! ಹೋಂಡಾದ 12 ಲಕ್ಷ ವಾಹನಗಳಲ್ಲಿ ಕೆಟ್ಟದ್ದು ಪರದೆಯೂ ಅಲ್ಲ, ಕ್ಯಾಮೆರಾವೂ ಅಲ್ಲ. ಚಿತ್ರವನ್ನು ಹೊತ್ತು ತರುವ ಕೋ-ಆಕ್ಸಿಯಲ್ ಕೇಬಲ್ಲು, ಅಂದರೆ ಮನೆಯ ಟೀವಿಗೆ ಕೇಬಲ್‌ನವರು ಎಳೆಯುತ್ತಿದ್ದರಲ್ಲ ಅದೇ ಜಾತಿಯ ವೈರು, ಸೇರಿಕೊಳ್ಳುವ ಕನೆಕ್ಟರ್ ಸರಿಯಾಗಿ ಕೂತಿರಲಿಲ್ಲ. ಕಂಪನಿ ಕೊಟ್ಟ ಪರಿಹಾರ ಸುಧಾರಿತ ಕೇಬಲ್ಲು ಮತ್ತು ಕನೆಕ್ಟರ್ ವಾಲದಂತೆ ನೇರವಾಗಿ ಹಿಡಿದಿಡುವ ಒಂದು ಮುಚ್ಚಳ. ಬೆಲೆಯಲ್ಲಿ ಆ ಮುಚ್ಚಳ ಏನೂ ಅಲ್ಲ. ಅದಿಲ್ಲದ್ದಕ್ಕೆ ಲಕ್ಷಗಟ್ಟಲೆ ಗಾಡಿಗಳು ವರ್ಕ್‌ಶಾಪಿಗೆ ಬರಬೇಕಾಯಿತು.

ಟೆಸ್ಲಾ ಕಂಪನಿಯ ಕತೆ ಇನ್ನೂ ಮನೆವಾರ್ತೆಯದು. ಅದರ ‘ಮಾಡೆಲ್ 3’ ಕಾರಿನಲ್ಲಿ ಕ್ಯಾಮೆರಾದ ವೈರು ಡಿಕ್ಕಿಯ ಬಾಗಿಲ ಮೂಲಕ ಹಾದುಹೋಗುತ್ತದೆ. ಡಿಕ್ಕಿ ತೆರೆದು ಮುಚ್ಚಿ, ತೆರೆದು ಮುಚ್ಚಿ ವೈರು ಮಡಿಕೆಯಲ್ಲಿ ಸವೆಯಿತು. ಪದೇ ಪದೇ ಮಡಿಸಿದ ಇಸ್ತ್ರಿಪೆಟ್ಟಿಗೆಯ ವೈರು ಒಳಗೊಳಗೇ ತುಂಡಾಗುವುದಿಲ್ಲವೆ, ಹಾಗೆ. 2021ರ ಡಿಸೆಂಬರ್ ಕೊನೆಯಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಕಾರುಗಳಿಗೆ ರೀಕಾಲ್ ಹೊರಟಿತು. ಅದೇ ಕಂಪನಿ 2025ರ ಜನವರಿಯಲ್ಲಿ ಮತ್ತೆ ಸುಮಾರು 2 ಲಕ್ಷ 39 ಸಾವಿರ ಕಾರುಗಳನ್ನು ಕರೆಯಿತು. ಈ ಸಲ ಕಾರು ಚಾಲೂ ಆಗುವ ಹೊತ್ತಿನಲ್ಲಿ ಕಂಪ್ಯೂಟರ್ ಬೋರ್ಡು ಶಾರ್ಟ್ ಆಗಿ ಕ್ಯಾಮೆರಾ ನಿಷ್ಕ್ರಿಯವಾಗುತ್ತಿತ್ತು.

ಕೆಲವು ದೋಷಗಳಿಗೆ ಸ್ಪ್ಯಾನರ್ ಬೇಕಿಲ್ಲ, ಮೊಬೈಲಿಗೆ ಬರುವಂತೆ ಕಾರಿಗೂ ಗಾಳಿಯಲ್ಲೇ ಹೊಸ ಸಾಫ್ಟ್‌ವೇರ್ ಬಂದು ಕೂತುಕೊಳ್ಳುತ್ತದೆ. ಇಂಥದಕ್ಕೂ ‘ರೀಕಾಲ್’ ಎನ್ನುವುದು ಹಳೇಕಾಲದ ಮಾತು ಎಂದು ಟೆಸ್ಲಾದ ಇಲಾನ್ ಮಸ್ಕ್ ಆಕ್ಷೇಪಿಸಿದ್ದುಂಟು. ಕಾನೂನು ಅದಕ್ಕೆ ಕಿವಿಗೊಟ್ಟಿಲ್ಲ. ಕಾರು ಗ್ಯಾರೇಜಿಗೆ ಹೋಗುತ್ತದೋ ಇಲ್ಲವೋ ಎಂಬುದನ್ನು ಅದು ಕೇಳುವುದಿಲ್ಲ, ದೋಷ ಇತ್ತೇ, ಮಾಲೀಕನಿಗೆ ತಿಳಿಸಿದಿರಾ ಎಂದಷ್ಟೇ ಕೇಳುತ್ತದೆ.

ಸಾಫ್ಟ್‌ವೇರಿನ ದೋಷ ವೈರಿನ ದೋಷಕ್ಕಿಂತ ಹೆಚ್ಚು ಮೋಸದ್ದು. ವೈರು ತುಂಡಾದರೆ ಪರದೆ ಕಪ್ಪಾಗುತ್ತದೆ. ಚಾಲಕ ‘ಥತ್’ ಎಂದು ಕತ್ತು ಹೊರಳಿಸುತ್ತಾನೆ. ಆದರೆ 2025ರ ಮೇ ತಿಂಗಳಲ್ಲಿ ಫೋರ್ಡ್ ಅಮೆರಿಕದಲ್ಲಿ ಕರೆದ 10 ಲಕ್ಷಕ್ಕೂ ಮೀರಿದ ವಾಹನಗಳಲ್ಲಿ ಚಿತ್ರ ತಡವಾಗಿ ಬರಬಹುದಿತ್ತು, ಬಾರದೆಯೂ ಇರಬಹುದಿತ್ತು, ಇಲ್ಲವೆ ಬಂದ ಚಿತ್ರ ಹೆಪ್ಪುಗಟ್ಟಿ ನಿಲ್ಲಬಹುದಿತ್ತು. ಅದೇ ವರ್ಷದ ಅಕ್ಟೋಬರ್ ಕೊನೆಗೆ ಟೊಯೊಟಾ ಕೂಡ 10 ಲಕ್ಷಕ್ಕೂ ಹೆಚ್ಚು ವಾಹನಗಳಿಗೆ ಇಂಥದೇ ರೀಕಾಲ್ ಪ್ರಕಟಿಸಿತು. ಹೆಪ್ಪುಗಟ್ಟಿದ ಚಿತ್ರ ಅಂದರೇನು? ಖಾಲಿ ಅಂಗಳ ಕಾಣುತ್ತಿದೆ. ಆದರೆ ಅದು ಮೂರು ಸೆಕೆಂಡ್ ಹಿಂದಿನ ಅಂಗಳ. ಆಮೇಲೆ ಅಲ್ಲಿಗೆ ಯಾರು ಬಂದರೆಂಬುದು ಪರದೆಗೆ ಗೊತ್ತಿಲ್ಲ, ಗೊತ್ತಿಲ್ಲವೆಂದು ಅದು ಹೇಳುವುದೂ ಇಲ್ಲ. ಕುರುಡು ಪರದೆಗಿಂತ ಸುಳ್ಳು ಹೇಳುವ ಪರದೆ ಅಪಾಯಕಾರಿ.

ಈ ಪರದೆಗೆ ಹತ್ತಾರು ಕೆಲಸ ವಹಿಸಿದ್ದೂ ತೊಂದರೆಗೆ ದಾರಿಯಾಗುತ್ತದೆ. ಹಾಡು, ನಕ್ಷೆ, ಫೋನು, ಏಸಿ ಎಲ್ಲಕ್ಕೂ ಅದೇ ಪರದೆ, ಅದೇ ಕಂಪ್ಯೂಟರು. ರಿವರ್ಸ್ ಗೇರ್ ಬಿದ್ದ ಕ್ಷಣ ಎಲ್ಲವನ್ನೂ ಬದಿಗೆ ಸರಿಸಿ ಕ್ಯಾಮೆರಾಕ್ಕೆ ಜಾಗ ಬಿಡಬೇಕು. ಶಾಲೆಯ ಕಂಪ್ಯೂಟರ್ ‘ಹ್ಯಾಂಗ್’ ಆದದ್ದನ್ನು ಕಂಡ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೋಷ ಎಲ್ಲ ಕಂಪನಿಗಳಲ್ಲೂ ಆಗುತ್ತದೆ. ಗೊತ್ತಾದ ಮೇಲೆ ಎಷ್ಟು ಬೇಗ ಬಾಯಿ ಬಿಡುತ್ತಾರೆಂಬುದೇ ಮುಖ್ಯ. ಅಮೆರಿಕದ ಕಾನೂನಿನಲ್ಲಿ ಇದಕ್ಕೆ ಗಡುವಿದೆ: ಸುರಕ್ಷತೆಯ ದೋಷವೆಂದು ತೀರ್ಮಾನವಾದ ಐದು ಕೆಲಸದ ದಿನಗಳೊಳಗೆ ಸರ್ಕಾರಕ್ಕೆ ತಿಳಿಸಬೇಕು. ಫೋರ್ಡ್ 2020ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸುಮಾರು 6 ಲಕ್ಷ 20 ಸಾವಿರ ವಾಹನಗಳನ್ನು ಕರೆದಿತ್ತು. ಕ್ಯಾಮೆರಾದೊಳಗಿನ ಸರ್ಕಿಟ್ ಬೋರ್ಡಿನಲ್ಲಿ ವಿದ್ಯುತ್ ಸರಿಯಾಗಿ ಹರಿಯದೆ ಚಿತ್ರ ಕಲಸಿಹೋಗುತ್ತಿತ್ತು ಇಲ್ಲವೆ ಮಾಯವಾಗುತ್ತಿತ್ತು. ಆದರೆ ಕಂಪನಿ ಸಕಾಲದಲ್ಲಿ ಕರೆಯಿತೇ, ಕರೆಯಬೇಕಾದ ಎಲ್ಲ ವಾಹನಗಳನ್ನೂ ಕರೆಯಿತೇ ಎಂಬ ಸಂಶಯ ಎನ್‌ಎಚ್‌ಟಿಎಸ್‌ಎಗೆ ಬಂತು. 2021ರಲ್ಲಿ ತನಿಖೆ ಶುರುವಾಯಿತು. ಮೂರು ವರ್ಷ ನಡೆದು, 2024ರ ನವೆಂಬರ್‌ನಲ್ಲಿ 16.5 ಕೋಟಿ ಡಾಲರ್ ದಂಡದ ಒಪ್ಪಂದದಲ್ಲಿ ಮುಗಿಯಿತು. ಅದರಲ್ಲಿ 6.5 ಕೋಟಿ ನೇರ ಪಾವತಿ, 4.5 ಕೋಟಿ ಸುರಕ್ಷತೆಯ ಕೆಲಸಗಳಿಗೇ ಖರ್ಚು ಮಾಡಬೇಕು, ಉಳಿದ 5.5 ಕೋಟಿ ಕಂಪನಿ ನೆಟ್ಟಗೆ ನಡೆದುಕೊಳ್ಳದಿದ್ದರೆ ಕಟ್ಟಬೇಕಾದದ್ದು. ಜೊತೆಗೆ ಮೂರು ವರ್ಷ ಹೊರಗಿನ ಮೇಲ್ವಿಚಾರಕರ ಕಣ್ಗಾವಲು. ಏರ್‌ಬ್ಯಾಗ್ ತಯಾರಿಸುತ್ತಿದ್ದ ಟಕಾಟಾ ಕಂಪನಿಯನ್ನು ಬಿಟ್ಟರೆ ಆ ಸಂಸ್ಥೆ ಅದುವರೆಗೆ ವಿಧಿಸಿದ ಅತಿ ದೊಡ್ಡ ದಂಡ ಇದು. ಎರಡು ಬೆರಳಗಲದ ಕ್ಯಾಮೆರಾಕ್ಕೆ!

‘ವಾಪಸ್ ಕರೆ’ ಎಂದಾಕ್ಷಣ ಕಾರು ಹಿಂದಿರುಗಿಸಿ ದುಡ್ಡು ಪಡೆಯುವುದಲ್ಲ, ಬಿಡಿ. ಹೆಚ್ಚಿನ ಪಾಲು ಅರ್ಧ ದಿನದ ರಿಪೇರಿ. ಅಮೆರಿಕದಲ್ಲಿ 15 ವರ್ಷದವರೆಗಿನ ವಾಹನಗಳಿಗೆ ಇದು ಉಚಿತ. ಆದರೂ ಕಾಗದ ಬಂದವರೆಲ್ಲ ಹೋಗುವುದಿಲ್ಲ. ಲಕೋಟೆ ಒಡೆಯದೆ ಬಿಸಾಡುವವರಿದ್ದಾರೆ. ಮನೆ ಬದಲಿಸಿದವರಿಗೆ ಅದು ತಲುಪುವುದೇ ಇಲ್ಲ. ಕೈ ಬದಲಾದ ಕಾರುಗಳದ್ದು ದೊಡ್ಡ ತಲೆನೋವು. ಬಾಡಿಗೆ ಕಾರಿನ ದೊಡ್ಡ ಕಂಪನಿಗಳು ರೀಕಾಲ್ ಬಾಕಿಯಿರುವ ಕಾರನ್ನು ಕೊಡುವಂತಿಲ್ಲ ಎಂದು ಅಲ್ಲಿ 2015ರಲ್ಲಿ ಕಾನೂನಾಯಿತು. ಹಳೆಯ ಕಾರು ಮಾರುವ ವ್ಯಾಪಾರಿಗೆ ಮಾತ್ರ ಕೇಂದ್ರದ ಕಾನೂನಿನಲ್ಲಿ ಅಂಥ ತಡೆ ಹಾಕಲಿಲ್ಲ. ಕಾಲೇಜು ಸೇರುವ ಮಕ್ಕಳಿಗೆ ಅಲ್ಲಿನ ತಂದೆತಾಯಿ ಕೊಡಿಸುವುದು ಹೆಚ್ಚಾಗಿ ಇಂಥ ಹಳೆಯ ಕಾರನ್ನೇ.

ಇಷ್ಟೆಲ್ಲ ಮಾಡಿ ಕ್ಯಾಮೆರಾದಿಂದ ಆದ ಲಾಭವೆಷ್ಟು? ಅಮೆರಿಕದ ವಿಮಾ ಕಂಪನಿಗಳು ಸೇರಿ ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಧ್ಯಯನದಲ್ಲಿ, ಪೊಲೀಸರ ದಾಖಲೆಗೆ ಬಂದ ಹಿಮ್ಮುಖ ಅಪಘಾತಗಳು ಕ್ಯಾಮೆರಾ ಇದ್ದ ಕಾರುಗಳಲ್ಲಿ ಶೇ 17ರಷ್ಟು ಕಡಿಮೆ ಇದ್ದವು. ಇದು ಕಡಿಮೆಯೇನಲ್ಲ, ಆದರೆ ನೂರಕ್ಕೆ ನೂರೂ ಅಲ್ಲ. ಲೆನ್ಸಿಗೆ ಕೆಸರು ಮೆತ್ತಿದರೆ, ಮಳೆಹನಿ ಕೂತರೆ, ಇಳಿಹೊತ್ತಿನ ಬಿಸಿಲು ನೇರ ಬಿದ್ದರೆ ಚಿತ್ರ ಮಂಕಾಗುತ್ತದೆ. ಆಯತದ ಹೊರಗಿಂದ ಸೈಕಲ್ಲಿನಲ್ಲಿ ನುಗ್ಗುವ ಹುಡುಗ ಕಾಣುವುದರೊಳಗೆ ಹತ್ತಿರ ಬಂದಿರುತ್ತಾನೆ. ಮೊದಲಾಗಿ, ಪರದೆಯ ಕಡೆ ಚಾಲಕ ನೋಡಲೇಬೇಕಲ್ಲ!

ನಮ್ಮ ಲಾರಿಗಳಿಗೆ ಬಹಳ ಹಿಂದಿನಿಂದಲೂ ಒಂದು ಜೀವಂತ ಕ್ಯಾಮೆರಾ ಇದೆ. ಅವನ ಹೆಸರು ಕ್ಲೀನರ್. ಇಳಿದು ಹಿಂದೆ ನಿಂತು, ‘ಬರ್ಲಿ, ಬರ್ಲಿ, ಬರ್ಲಿ...’ ಎನ್ನುತ್ತ ಬಾಡಿಯ ಮೇಲೆ ಕೈ ಬಡಿಯುತ್ತಾನೆ. ಬಸ್ಸಿನಲ್ಲಾದರೆ ಕಂಡಕ್ಟರರ ಸೀಟಿ. ಈ ವ್ಯವಸ್ಥೆಗೆ ಎರಡು ಸೆಕೆಂಡ್ ಕಾಯಬೇಕಿಲ್ಲ, ಚಿತ್ರ ಹೆಪ್ಪುಗಟ್ಟುವುದೂ ಇಲ್ಲ. ಮನೆಯ ಕಾರಿಗೆ ಕ್ಲೀನರ್ ಇಲ್ಲ. ಆದರೆ ಕಾರು ಹೊರಡುವಾಗ ಚಿಕ್ಕವರನ್ನು ಕಂಕುಳಲ್ಲಿ ಎತ್ತಿಕೊಂಡೋ ಕೈ ಹಿಡಿದುಕೊಂಡೋ ಚಾಲಕನಿಗೆ ಕಾಣುವ ಜಾಗದಲ್ಲಿ ನಿಲ್ಲುವ ಒಬ್ಬರು ದೊಡ್ಡವರಿದ್ದರೆ ಆ ಕೆಲಸ ಮುಕ್ಕಾಲು ಆದಂತೆ. ಹೈಸ್ಕೂಲಿನ ಅಕ್ಕನೋ ಅಣ್ಣನೋ ಇದನ್ನು ತಮ್ಮ ಹುದ್ದೆಯೆಂದು ವಹಿಸಿಕೊಳ್ಳಬಹುದು.

ಭಾರತದಲ್ಲಿ ಕ್ಯಾಮೆರಾ ಕಡ್ಡಾಯ ಮಾಡಿಲ್ಲ. 2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿದೆ. ಹಿಂದಿನ ಬಂಪರಿನಲ್ಲಿ ಬಿಲ್ಲೆಗಳಂತೆ ಕಾಣುವ ಅವು ಕಿವಿಗೆ ಕೇಳದ ಶಬ್ದ ಹೊರಡಿಸಿ, ಪ್ರತಿಧ್ವನಿ ಬರಲು ಹಿಡಿದ ಕಾಲದಿಂದ ದೂರ ಅಳೆಯುತ್ತವೆ. ಬಾವಲಿಯ ವಿದ್ಯೆಯೇ. ಗೋಡೆ, ಕಂಬ ಚೆನ್ನಾಗಿ ಸಿಗುತ್ತವೆ. ನೆಲಮಟ್ಟದ ಚಿಕ್ಕ ವಸ್ತು, ಶಬ್ದ ಹೀರುವ ಮೆತ್ತನೆಯ ಬಟ್ಟೆ ಅಷ್ಟು ಚೆನ್ನಾಗಿ ಸಿಗುವುದಿಲ್ಲ.

ರೀಕಾಲ್ ಇಲ್ಲೂ ಇದೆ. 2012ರಿಂದ ಅದು ಕಾರು ತಯಾರಕರ ಸಂಘ ಹಾಕಿಕೊಂಡ ಸ್ವಯಂ ನಿಯಮವಾಗಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ ವಾಹನ ವಾಪಸ್ ಕರೆಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಸಿಕ್ಕಿತು. 2021ರ ಏಪ್ರಿಲ್ 1ರಿಂದ ಅದರ ನಿಯಮಗಳು ಜಾರಿಗೆ ಬಂದವು. ಏಳು ವರ್ಷ ಮೀರದ ವಾಹನಗಳಿಗೆ ಇವು ಅನ್ವಯ. ಮಾರಾಟದ ಸಂಖ್ಯೆಗೆ ತಕ್ಕಂತೆ ಇಂತಿಷ್ಟು ದೂರು ಬಂದರೆ ವಿಚಾರಣೆ. ಕಂಪನಿ ತಾನಾಗಿ ಕರೆಯದೆ ಸರ್ಕಾರವೇ ಆದೇಶಿಸಬೇಕಾಗಿ ಬಂದರೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಫೋರ್ಡ್ ಕಟ್ಟಿದ ದಂಡದ ಪಕ್ಕದಲ್ಲಿಟ್ಟರೆ ಈ ಮೊತ್ತ ತೀರಾ ಬಡಕಲು. ದೂರು ಕೊಟ್ಟವರ ಸಂಖ್ಯೆಯ ಮೇಲೆ ಎಲ್ಲವೂ ನಿಂತಿರುವುದರಿಂದ, ‘ಪರದೆ ಆಗಾಗ ಹೋಗುತ್ತೆ, ಒಂದೇಟು ಕೊಟ್ಟರೆ ಬರುತ್ತೆ’ ಎಂದು ಸುಮ್ಮನಾಗುವ ಮಾಲೀಕರ ದೂರು ಲೆಕ್ಕಕ್ಕೇ ಬರುವುದಿಲ್ಲ. ಸರ್ವಿಸ್ ಸೆಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳುವ ಬದಲು ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯ. ಬಿಡಿಭಾಗದ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಹಾಕಿಸಿಕೊಂಡ ಕ್ಯಾಮೆರಾ, ಪರದೆಗಳು ಕಾರು ಕಂಪನಿಯ ರೀಕಾಲ್‌ಗೆ ಸೇರುವುದಿಲ್ಲ. ಅದರ ವೈರು ಎಲ್ಲೆಲ್ಲಿ ಸುತ್ತಿ ಬಂದಿದೆಯೋ ಹಾಕಿದ ಹುಡುಗನಿಗೇ ಗೊತ್ತು. ವಾಪಸ್ ಕರೆಯುವವರು ಯಾರೂ ಇಲ್ಲದ್ದರಿಂದ ಅದನ್ನು ಆಗಾಗ ಮನೆಯವರೇ ಪರೀಕ್ಷಿಸಬೇಕು. ಮತ್ತೆ ಬಕೆಟ್ಟುಗಳೇ ಗತಿ: ಪರದೆಯಲ್ಲಿ ಬಕೆಟ್ ಕಂಡಿತೇ, ಎಡಕ್ಕಿಟ್ಟದ್ದು ಎಡಕ್ಕೇ ಕಂಡಿತೇ, ಎತ್ತಿಕೊಂಡೊಡನೆ ಪರದೆಯಿಂದಲೂ ಹೋಯಿತೇ?

ಕಾರಿಗೆ ರೀಕಾಲ್ ಬಾಕಿ ಇದೆಯೇ ಎಂದು ತಿಳಿಯಲು ಹಲವು ಕಂಪನಿಗಳ ವೆಬ್‌ಸೈಟಿನಲ್ಲಿ ಅವಕಾಶವಿದೆ. ಹಳೆಯ ಕಾರು ಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಬೇಕಾಗುವುದು ಆರ್‌ಸಿಯಲ್ಲಿ ನಮೂದಾಗಿರುವ ಚಾಸಿಸ್ ಸಂಖ್ಯೆ. ಅದರಲ್ಲಿ ಅಕ್ಷರ, ಅಂಕಿ ಸೇರಿ 17 ಇರುತ್ತವೆ. ತುಂಬುವಾಗ ಎಡವುವುದು ಸಾಮಾನ್ಯ. ಇಂಗ್ಲಿಷಿನ ಐ, ಓ, ಕ್ಯೂ ಎಂಬ ಮೂರು ಅಕ್ಷರಗಳನ್ನು ಈ ಸಂಖ್ಯೆಯಲ್ಲಿ ಬಳಸುವುದೇ ಇಲ್ಲ, ಅಂಕಿಗಳೊಂದಿಗೆ ಗೊಂದಲವಾಗದಿರಲೆಂದು. ಹಾಗಾಗಿ ಓ ಎಂದು ಕಂಡದ್ದು ಸೊನ್ನೆ, ಐ ಎಂದು ಕಂಡದ್ದು ಒಂದು.